ಮೇಷ್ಟ್ರು ತಂದ ಬೆಂಬಲ

ತೀರ್ಥಹಳ್ಳಿಯ ನಿವೃತ್ತ ಹೆಡ್‌ಮಾಸ್ತರ್ ಯಜ್ಞನಾರಾಯಣರಿಗೆ ಯಾವ ಕೆಲಸವನ್ನಾದರೂ ಮಾಡಿಸುವ ದಾರಿ ಒಂದೇ: ಮನವಿ ಬರೆಯುವುದು, ಊರವರ ಸಹಿ ಹಾಕಿಸುವುದು. ಹುಂಚಕ್ಕೆ ಸಂಜೆ ಬಸ್ಸು ಬಂದದ್ದು ಹಾಗೆ, ಶಾಲೆಗೆ ಬೋರ್‌ವೆಲ್ ಬಿದ್ದದ್ದೂ ಹಾಗೆ. ಸಹಿ ಹಾಕಿದವರಲ್ಲಿ ಮನವಿ ಓದಿದವರೆಷ್ಟು ಎಂದು ಅವರು ಯಾವತ್ತೂ ಕೇಳಿದವರಲ್ಲ.

ಹಾಗಾಗಿ ಮಗಳು ಅಪರ್ಣಾ ಊಟಕ್ಕೆ ಕೂತಾಗ ಸಪ್ಪೆ ಮುಖ ಮಾಡಿಕೊಂಡು ತನ್ನ ಕಷ್ಟ ಹೇಳಿದಾಗ ಮೇಷ್ಟ್ರಿಗೆ ಒಳಗೊಳಗೇ ಹುರುಪು ಬಂತು. ಮನೆಯಿಂದಲೇ ನೆಟ್‌ವರ್ಕ್ ಕಂಪನಿಯೊಂದಕ್ಕೆ ಕೆಲಸ ಮಾಡುವ ಅಪರ್ಣಾ, ಇಂಟರ್‌ನೆಟ್ಟಿನ ರೂಟರುಗಳು ಪಾಲಿಸಬೇಕಾದ ಹೊಸ ನಿಯಮವೊಂದರ ಕರಡು ಬರೆದಿದ್ದಳು. ಪದೇ ಪದೇ ಕಡಿದುಹೋಗುವ ಲೈನು ಮತ್ತೆ ಬಂದರೆ ಕೂಡಲೇ ನಂಬಬೇಡಿ, ಸ್ವಲ್ಪ ಹೊತ್ತು ಕಾದು ನೋಡಿ, ಅಲ್ಲಿಯವರೆಗೆ ಬೇರೆ ದಾರಿಯಲ್ಲಿ ಕಳಿಸಿ ಎಂಬುದು ಅದರ ಸಾರ. ಇಂಥ ನಿಯಮಗಳನ್ನು ಒಪ್ಪುವ ದೇಶವಿದೇಶದ ತಜ್ಞರ ಗುಂಪು ಅದನ್ನು ಕೊನೆಯ ಚರ್ಚೆಗೆ ಇಟ್ಟಿತ್ತು. ಆದರೆ ಚರ್ಚೆ ನಡೆಯುವ ಇಮೇಲ್ ಬಳಗದಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

"ಯಾರೂ ಮಾತಾಡ್ದೆ ಇದ್ರೆ ಯಾರಿಗೂ ಬೇಡ ಅಂತ ಲೆಕ್ಕ, ಅಪ್ಪ. ಈ ತಿಂಗಳ ಕೊನೆಗೆ ಕೈಬಿಡ್ತಾರೆ. ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ."

"ಅಲ್ಲಿಗೆ ಯಾರು ಬೇಕಾದ್ರೂ ಬರೀಬಹುದಾ?"

"ಬರೀಬಹುದು. ಎಂತಕ್ಕೆ?"

"ಸುಮ್ನೆ ಕೇಳ್ದೆ."

ಮೇಷ್ಟ್ರು ಸುಮ್ಮನೆ ಕೇಳುವ ಆಸಾಮಿಯೇ ಅಲ್ಲ. ಮರುದಿನದಿಂದ ಫೋನು ಅವರ ಕಿವಿಯಿಂದ ಇಳಿಯಲಿಲ್ಲ. ಸಾಗರದ ಅಂಗಡಿ ವಾಸಪ್ಪ, ತಾಳಗುಪ್ಪದ ಬೀಗರು, ಹಳೇ ಶಿಷ್ಯರ ದಂಡು, ಯಾರನ್ನೂ ಬಿಡಲಿಲ್ಲ. ಆ ಶಿಷ್ಯರಲ್ಲೊಬ್ಬಳಾದ ಹೊಸನಗರದ ಲಿಖಿತಾಗೂ ಹೇಳಿದರು. ಅವಳು ಎಂಜಿನಿಯರಿಂಗ್ ಓದಿ ನಿಟ್ಟೂರು ಕಡೆಯ ಹಳ್ಳಿಗಳಿಗೆ ಇಂಟರ್‌ನೆಟ್ ಕೊಡುವ ಕೆಲಸ ನಡೆಸುತ್ತಿದ್ದಳು.

"ಓದಿ ಬರೀತೀನಿ ಸಾರ್."

"ಓದೋದೆಲ್ಲ ಬ್ಯಾಡ ಮಾರಾಯ್ತಿ. ಒಂದು ಸಾಲು ಹಾಕು, ಸಾಕು."

ಒಂದು ವಾರದಲ್ಲಿ ಬಳಗದ ತುಂಬ ಮಲೆನಾಡೇ ನೆರೆಯಿತು. ನಮ್ಮ ಮೇಷ್ಟ್ರ ಮಗಳ ಕರಡನ್ನು ದಯಮಾಡಿ ಮಂಜೂರು ಮಾಡಬೇಕಾಗಿ ವಿನಂತಿ ಎಂದು ಎಲ್ಲರದ್ದೂ ಒಂದೇ ರಾಗ. ವಾಸಪ್ಪ ಜೊತೆಗೇ ತನ್ನ ಕೇರಿಗೊಂದು ಟವರ್ ಬೇಕೆಂದೂ ಸೇರಿಸಿದ್ದ.

ಗುಂಪಿನ ಅಧ್ಯಕ್ಷೆಯ ಉತ್ತರ ಖಡಕ್ಕಾಗಿತ್ತು. ನಾವು ತಲೆ ಎಣಿಸುವುದಿಲ್ಲ, ಓದದೆ ಬರೆದ ಬೆಂಬಲ ಲೆಕ್ಕಕ್ಕಿಲ್ಲ. ಅಪರ್ಣಾ ಅದನ್ನು ಅಪ್ಪನ ಮುಂದೆ ಓದಿ ಹೇಳುವಾಗ ಅವಳ ಕಣ್ಣು ತುಂಬಿತ್ತು. ಮೇಷ್ಟ್ರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅಷ್ಟು ಸಾಲದೆಂಬಂತೆ ಲಿಖಿತಾಳ ಪತ್ರವೂ ಬಂದಿತ್ತು, ಉದ್ದಕ್ಕೆ, ನೇರ ವಿರೋಧ.

"ನಾನು ಅಕ್ಷರ ಕಲಿಸಿದ ಹುಡುಗಿ. ಅವಳೇ ಅಡ್ಡಗಾಲು ಹಾಕಿದ್ಲಲ್ಲ."

ಅಪರ್ಣಾ ಆ ಪತ್ರವನ್ನು ಮತ್ತೆ ಓದುತ್ತಿದ್ದಳು. ನಮ್ಮ ಹಳ್ಳಿಗಳಿಗೆ ಇರುವುದೇ ಒಂದು ಲೈನು, ಮರ ಬಿದ್ದು ಕಡಿದ ಲೈನು ವಾಪಸ್ ಬಂದಮೇಲೂ ನಿಮ್ಮ ನಿಯಮ ನಮ್ಮನ್ನು ಕಾಯಿಸುತ್ತದೆ, ಬೇರೆ ದಾರಿ ಇಲ್ಲದವರು ಏನು ನೋಡಿಕೊಂಡು ಕಾಯಬೇಕು ಎಂದು ಲಿಖಿತಾ ಕೇಳಿದ್ದಳು.

"ಅಪ್ಪ, ಇವಳು ಪೂರ್ತಿ ಓದಿದಾಳೆ. ಇವಳು ಹೇಳ್ತಿರೋದು ಸರಿ."

ಬಳಗ ಎಚ್ಚರಾದದ್ದೇ ಆ ಪತ್ರದಿಂದ. ಬೆಟ್ಟದ ನಾಡಿನವರು, ದ್ವೀಪದವರು, ನಮ್ಮಲ್ಲೂ ಇದೇ ಪಾಡು ಎಂದು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಅಧ್ಯಕ್ಷೆ ಚರ್ಚೆಯ ಗಡುವು ಮುಂದೂಡಿದರು. ಅಪರ್ಣಾ ಹೊಸನಗರದ ಬಸ್ಸು ಹತ್ತಿದಳು. ಇಬ್ಬರೂ ಲಿಖಿತಾಳ ಆಫೀಸಿನಲ್ಲಿ ಜಗಳವಾಡಿಕೊಂಡೇ ಕೂತು, ಒಂದೇ ದಾರಿ ಇರುವಲ್ಲಿ ಕಾಯಬೇಕಿಲ್ಲ ಎಂಬ ಹೊಸ ಕಲಮು ಬರೆದರು. ಅದರೊಂದಿಗೆ ಗುಂಪು ಕರಡನ್ನು ಒಪ್ಪಿ ಮೇಲಿನ ಸಮಿತಿಗೆ ಕಳಿಸಿತು.

ಸುದ್ದಿ ಬಂದ ಸಂಜೆ ಮೇಷ್ಟ್ರು ಲಿಖಿತಾಗೆ ಫೋನು ಮಾಡಿ, "ನಿನ್ನ ಮೇಲೆ ಸಿಟ್ಟಾಗಿದ್ದೆ, ತಪ್ಪು ನಂದೇ" ಎಂದರು. ಆಮೇಲೆ ಮಗಳ ಹತ್ತಿರ ಕರಡಿನ ಪ್ರಿಂಟ್ ತೆಗೆಸಿಕೊಂಡು, ಕನ್ನಡಕ ಏರಿಸಿ, ಮೊದಲ ಸಲ ಓದಲು ಕೂತರು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅವರ ಹುಬ್ಬು ಗಂಟಾಯಿತು.

"ಅಪರ್ಣಾ, ಇದು ನಂಗೆ ಒಪ್ಪಿಗೆ ಇಲ್ಲ."

ಅಪರ್ಣಾಗೆ ಎಲ್ಲಿಲ್ಲದ ಖುಷಿಯಾಯಿತು. ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕದಲ್ಲಿ ಕೂತಳು.

"ಎಂತಕ್ಕೆ, ಹೇಳಿ."