ಉಪ್ಪಿಲ್ಲದ ಬುತ್ತಿ

ಡೋಲಿನ ಸದ್ದು ಈ ಹೊತ್ತಿಗೆ ದೂರವಾಗಬೇಕಿತ್ತು, ಆದರೆ ಹತ್ತಿರವಾಗುತ್ತಿತ್ತು. ಮರಗೆಣಸು ತುರಿಯುತ್ತಿದ್ದ ಮಿಂಬಾ ಕೈ ನಿಲ್ಲಿಸಿ ಆಲಿಸಿದಳು. ಹೂಳುವ ದಿಬ್ಬ ಇರುವುದು ತೊರೆಯ ಆ ಕಡೆ, ಅವಳ ಗುಡಿಸಲು ಈ ಕಡೆ. ನೀರು ಕಲಕಿದ ಸದ್ದು ಕೇಳಿಸಿತು. ಭಾರ ಹೊತ್ತವರು ತೊರೆಗಿಳಿದು ಇತ್ತಲೇ ಬರುತ್ತಿದ್ದರು.

"ಬೇಡ," ಎಂದಳು ತನ್ನಷ್ಟಕ್ಕೆ. "ಇಲ್ಲಿಗೆ ಬೇಡ."

ಬೆಳಿಗ್ಗೆಯೇ ಕ್ವಾಶಿಬಾ ಅಜ್ಜಿ ಬಂದು, ಕ್ವಾಕೊನ ಹೆಣದ ಪೆಟ್ಟಿಗೆ ಎತ್ತುವಾಗ ಬರುತ್ತೀಯಾ ಎಂದು ಕೇಳಿದ್ದಳು. ತುರಿದ ಗೆಣಸು ಬಿಟ್ಟರೆ ಹುಳಿಯುತ್ತದೆ ಎಂದಿದ್ದಳು ಮಿಂಬಾ. ಅಜ್ಜಿ ಇನ್ನೂ ಸಿಪ್ಪೆ ಕೂಡ ತೆಗೆಯದ ಗೆಣಸಿನ ಬುಟ್ಟಿಯನ್ನು ನೋಡಿದಳು. ಹೋಗುವಾಗ ಇವಳ ಕೋಳಿಗಳಿಗೆ ನೀರು ಹಾಕಿ ಹೋಗಿದ್ದಳು.

ಈಗ ಅಂಗಳದ ತುಂಬ ಜನ. ನಡುವೆ, ಹಳೆಯ ದೋಣಿಯ ಹಲಗೆಗಳಲ್ಲಿ ಮಾಡಿದ ಪೆಟ್ಟಿಗೆ ನಾಲ್ವರ ಹೆಗಲ ಮೇಲಿತ್ತು. ಮುಂದೆ ಹೊತ್ತವನು ಕಜೋ. ಪ್ರಾಯದಲ್ಲಿ ಕ್ವಾಕೊನ ಜೊತೆ ಕಬ್ಬಿನ ತೋಟದಿಂದ ಓಡಿ, ಅವನ ಜೊತೆಯೇ ಕಡಲ್ಗಳ್ಳರ ಹಡಗು ಹತ್ತಿದವನು. ಹಿಂದೆ ಅದೇ ಹಡಗಿನ ಬಡಗಿ ಬಾಸ್ಟಿಯನ್. ಉಳಿದಿಬ್ಬರು ಅವರ ಅಳಿಯಂದಿರು.

"ನಾವು ದಿಬ್ಬಕ್ಕೇ ಹೊರಟಿದ್ವಿ ಮಿಂಬಾ," ಎಂದ ಕಜೋ ಏದುತ್ತ. "ತೊರೆ ಹತ್ರ ಬಂದಾಗ ಇವನು ಜಗ್ಗಿದ. ದಿಬ್ಬದ ಕಡೆ ಕಾಲು ಕೀಳಕ್ಕೇ ಬಿಡ್ಲಿಲ್ಲ."

"ಜಗ್ಗಿದ್ದು ಅವನೋ ನೀನೋ?"

"ನಂಗೆಲ್ಲಿದೆ ಅಷ್ಟು ಶಕ್ತಿ. ಹಿಂದಿಂದ ಬಾಸ್ಟಿಯನ್ ನೂಕಿರಬೇಕು."

"ಏನಂತೆ?" ಎಂದ ಬಾಸ್ಟಿಯನ್. ಫಿರಂಗಿಗಳ ಪಕ್ಕದಲ್ಲಿ ಮಲಗಿ ಎದ್ದು ಅವನ ಕಿವಿ ಎಂದೋ ಹೋಗಿತ್ತು.

"ನೀನು ನೂಕ್ದೆ ಅಂತ."

"ನಾನ್ಯಾಕಯ್ಯ ನೂಕ್ಲಿ. ನೀರಲ್ಲಿ ಏಡಿ ಕಾಲು ಹಿಡ್ಕೊಂಡಿತ್ತು, ಅದನ್ನ ಕೊಡವ್ತಿದ್ದೆ."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರು.

ಯಾರು ಜಗ್ಗಿದರೂ ಪೆಟ್ಟಿಗೆ ಬಂದು ನಿಂತಾಗಿತ್ತು. ಈ ಕರಾವಳಿಯಲ್ಲಿ ಸತ್ತವರು ತಮ್ಮ ದಾರಿ ತಾವೇ ಹಿಡಿಯುತ್ತಾರೆ. ಯಾರೊಡನೆ ಏನು ಬಾಕಿ ಇದೆಯೋ ಅವರ ಬಾಗಿಲಿಗೆ ಹೊತ್ತವರನ್ನು ಎಳೆದು ತರುತ್ತಾರೆ. ಆ ಮನೆಯವರು ಬಿಡುಗಡೆಯ ಮಾತು ಹೇಳಬೇಕು. ಹೇಳದಿದ್ದರೆ ಜೊತೆಗಾರರೆಲ್ಲ ಮಲಗಿರುವ ದಿಬ್ಬದಲ್ಲಿ ಜಾಗವಿಲ್ಲ. ಹೊತ್ತು ಮುಳುಗುವ ಮುಂಚೆ ಕಡಲಂಚಿನ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಒಂಟಿಯಾಗಿ ಹೂತು ಬರಬೇಕು. ಅಲ್ಲಿಯವರೆಗೆ ಪೆಟ್ಟಿಗೆ ನೆಲ ಮುಟ್ಟುವಂತಿಲ್ಲ.

"ಹೇಳಿಬಿಡೇ ಮಗಳೇ," ಎಂದಳು ಕ್ವಾಶಿಬಾ ಅಜ್ಜಿ ಮೆಲ್ಲಗೆ. "ನಮ್ಮಿಬ್ರ ನಡುವೆ ಏನೂ ಉಳಿದಿಲ್ಲ, ಹೋಗು ಅಂತ. ಇನ್ನೇನಿಲ್ಲ."

ಮಿಂಬಾ ಕೈಗಂಟಿದ ತುರಿಯನ್ನು ಬಟ್ಟೆಗೆ ಒರೆಸಿಕೊಂಡಳು. ಆದರೆ ಉಳಿದಿತ್ತು.

*

ಮಿಂಬಾಳ ಮೊದಲ ನೆನಪು ಕ್ವಾಕೊನ ಬೆನ್ನು. ಹಡಗಿನಿಂದ ದೋಣಿಗೆ, ದೋಣಿಯಿಂದ ಮರಳಿಗೆ ಅವಳು ಅದರ ಮೇಲೇ ಬಂದಿದ್ದಳು. ಚಾಟಿಯೇಟಿನ ಹಳೆಯ ಗಾಯಗಳು ಬೆನ್ನ ತುಂಬ ಏಣು ಏಣಾಗಿ ನಿಂತಿದ್ದವು. ಜಾರದ ಹಾಗೆ ಅವನ್ನೇ ಹಿಡಿದುಕೊಂಡಿದ್ದಳು. ಆಗ ಅವನಿಗೂ ಮೀಸೆ ಸರಿಯಾಗಿ ಮೂಡಿರಲಿಲ್ಲ.

ಮಗು ಸಾಕುವುದು ಅವನಿಗೆ ಏನು ಗೊತ್ತು? ಅವಳ ಕೂದಲು ಹೆಣೆಯಲು ಕುಳಿತು, ತನಗೆ ಬರುತ್ತಿದ್ದ ಹಡಗಿನ ಗಂಟುಗಳನ್ನೇ ಹಾಕಿದ. ಅವನ್ನು ಬಿಚ್ಚಲಾಗದೆ ಕೊನೆಗೆ ಕ್ವಾಶಿಬಾ ಕತ್ತರಿಸಿ ತೆಗೆಯಬೇಕಾಯಿತು.

"ಇದು ಹುಡುಗಿಯೋ ಹಾಯಿಯೋ?" ಎಂದು ಬೈದಿದ್ದಳು ಅವಳು. ಮಾರನೆಯ ದಿನ ಕ್ವಾಕೊ ಅವಳ ಅಂಗಳದಲ್ಲಿ, ಚಿಕ್ಕ ಹುಡುಗಿಯರ ಸಾಲಿನಲ್ಲಿ ಕೂತು ಜಡೆ ಹಾಕುವುದನ್ನು ಕಲಿತ. ಜೊತೆಗಾರರು ಬೇಲಿಯಾಚೆ ನಿಂತು ಸಿಳ್ಳೆ ಹೊಡೆದರು. ಅವನು ತಲೆ ಎತ್ತಲಿಲ್ಲ. ಮೂರೆಳೆ ಸರಿಯಾಗಿ ಕೂತಿದೆಯೇ ಎಂದು ಮಾತ್ರ ನೋಡುತ್ತಿದ್ದ.

ಯಾರೂ ಹೇಳಿಕೊಡದೆಯೇ ಅವಳು ಅವನನ್ನು ಅಪ್ಪ ಎಂದಿದ್ದಳು.

ಪ್ರಾಯಕ್ಕೆ ಬಂದ ಮೇಲೆ ಒಂದು ದಿನ, ಅವನು ಆಮೆಬಲೆ ಸರಿಮಾಡುತ್ತಿದ್ದಾಗ, ನಮ್ಮವ್ವ ಯಾರು ಎಂದು ಕೇಳಿದಳು. ಅವನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು.

"ಕಡಲಾಚೆಯ ನಮ್ಮ ತಾಯ್ನಾಡು ಗಿನಿಯಿಂದ ನಮ್ಮ ಜನರನ್ನ ಗುಲಾಮರಾಗಿ ತುಂಬ್ಕೊಂಡು ಬರ್ತಿದ್ದ ಹಡಗೊಂದನ್ನ ಹಿಡಿದ್ವಿ. ಕೆಳಗಡೆ ನೀನೂ ನಿಮ್ಮವ್ವನೂ ಇದ್ರಿ. ಬಿಡೋದೋ ಮಾರೋದೋ ಅಂತ ಎಲ್ಲರ ಕೈ ಎತ್ತಿಸಿದ್ರು. ನಮ್ಮ ಹಡಗಲ್ಲಿ ಬಿಳಿಯನಿಗೂ ಒಂದೇ ಕೈ, ಕರಿಯನಿಗೂ ಒಂದೇ ಕೈ. ನಾನೂ ಎತ್ತಿದೆ."

"ಯಾವುದಕ್ಕೆ?"

"ಮಾರೋದಕ್ಕೆ." ಅವನು ಬಲೆ ಕೆಳಗಿಟ್ಟ. "ಎತ್ತದಿದ್ರೆ ನನ್ನನ್ನೂ ಕೆಳಗೆ ಇಳಿಸ್ತಾರೆ ಅಂತ ಹೆದರಿದೆ. ತೋಟದಿಂದ ಓಡಿಬಂದಿದ್ರೂ ಚಾಟಿಯ ಉರಿ ಇನ್ನೂ ಮರೆತಿರಲಿಲ್ಲ."

"ಅವ್ವ?"

"ಮಾರಕ್ಕೆ ದೋಣಿಗೆ ಇಳಿಸುವಾಗ ನಿನ್ನನ್ನ ನನ್ನ ಕೈಗೆ ಕೊಟ್ಲು. ತನ್ನೋರ ಮುಖ ಅಂತ ನಂಬಿ ಕೊಟ್ಲು. ಹಡಗಿನ ಮೇಲೆ ನಾನು ಕೈ ಎತ್ತಿದ್ದನ್ನ ಅವಳು ನೋಡಿರಲಿಲ್ಲ. ಲೂಟೀಲಿ ನನ್ನ ಪಾಲಿಗೆ ಬೇರೇನೂ ಬೇಡ, ಈ ಮಗು ಸಾಕು ಅಂದೆ."

ಆ ಸಂಜೆಯೇ ಮಿಂಬಾ ಚಾಪೆ ಸುತ್ತಿಕೊಂಡು ತೊರೆ ದಾಟಿದಳು. ಅವನು ತಡೆಯಲಿಲ್ಲ. ಅವಳು ಮರೆತು ಬಿಟ್ಟುಬಂದ ಅಡಿಗೆಯ ಮಡಕೆಯನ್ನು ತಂದು ದಡದಲ್ಲಿಟ್ಟು ಹೋದ.

ಅಂದಿನಿಂದ ಅವರು ಮಾತಾಡಲಿಲ್ಲ. ಆದರೆ ಪ್ರತಿ ಬೆಳಿಗ್ಗೆ ಅವಳ ಅಂಗಳದ ಕೊರಡಿನ ಮೇಲೆ ಎಲೆಯಲ್ಲಿ ಸುತ್ತಿದ ಒಂದು ಮೀನು ಇರುತ್ತಿತ್ತು. ಅವಳು ಅದನ್ನು ಎಸೆಯಲಿಲ್ಲ. ಬೇಯಿಸಿ ತಿಂದಳು. ವರ್ಷಗಳು ಹೋದವು. ಅವನ ಕಣ್ಣು ಮಂಜಾಗಿ, ತೊರೆಯ ಮೇಲಿನ ಒಂಟಿ ಹಲಗೆಯಲ್ಲಿ ಕಾಲು ತಡವರಿಸುವುದನ್ನು ಒಂದು ಮುಂಜಾನೆ ಅವಳು ಬಾಗಿಲ ಸಂದಿಯಿಂದ ಕಂಡಳು. ಅಂದೇ ಹಲಗೆಯ ಉದ್ದಕ್ಕೂ, ಕೈಗೆ ಸಿಗುವ ಎತ್ತರದಲ್ಲಿ, ಒಂದು ಹಗ್ಗ ಕಟ್ಟಿದಳು.

ಮಾರನೆಯ ದಿನ ಕೊರಡಿನ ಮೇಲೆ ಎರಡು ಮೀನುಗಳಿದ್ದವು.

*

"ಬಿಸಿಲು ಇಳೀತಿದೆ ಮಿಂಬಾ," ಎಂದ ಕಜೋ. ಅವನು ಪೆಟ್ಟಿಗೆಯಡಿ ಹೆಗಲನ್ನು ಸರಿಮಾಡಿಕೊಂಡ.

"ಆ ಮಾತು ನಂಗೆ ಹೇಳಕ್ಕಾಗಲ್ಲ. ನನ್ನ ಬಾಕಿ ಮಾತ್ರ ಆಗಿದ್ರೆ ಎಂದೋ ಹೇಳ್ತಿದ್ದೆ. ನಮ್ಮವ್ವಂದನ್ನ ನಾನು ಹೇಗೆ ಹೇಳ್ಲಿ?"

ಡೋಲಿನವನು ಚರ್ಮದ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ.

"ಅವತ್ತು ನಾನೂ ಕೈ ಎತ್ತಿದ್ದೆ," ಎಂದ ಕಜೋ ನೆಲ ನೋಡುತ್ತ. "ಇವನು ನಿಂಗೆ ಹೇಳ್ದ. ನಾನು ಇಷ್ಟು ವರ್ಷ ನಿನ್ನ ಕೈ ರೊಟ್ಟಿ ತಿಂದ್ಕೊಂಡು ಸುಮ್ನಿದ್ದೆ."

"ಗೊತ್ತು," ಎಂದಳು ಮಿಂಬಾ. "ನಿನ್ನ ಪೆಟ್ಟಿಗೆ ಬಂದಾಗ ನೋಡ್ಕೊಳ್ಳೋಣ."

ಆಮೇಲೆ ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು. "ಒಳಗೆ ತನ್ನಿ ಅವನನ್ನ."

ಕ್ವಾಕೊ ಆ ಹೊಸ್ತಿಲನ್ನು ಎಂದೂ ದಾಟಿರಲಿಲ್ಲ. ಬಾಗಿಲು ತಗ್ಗು. ನಾಲ್ವರೂ ಮೊಣಕಾಲು ಮಡಿಸಿ, ಪೆಟ್ಟಿಗೆ ನೆಲಕ್ಕೆ ತಾಗದಂತೆ, ಏಡಿಗಳ ಹಾಗೆ ಒಳಗೆ ತೆವಳಿದರು. ಮಿಂಬಾ ತುರಿಮಣೆ ಎತ್ತಿಟ್ಟಳು, ಮಡಕೆ ಸರಿಸಿದಳು, ಅವರು ನಿಲ್ಲಲು ಜಾಗ ಮಾಡಿದಳು.

"ನಿಂತ್ಕೊಂಡೇ ಇರ್ಬೇಕಾ?" ಎಂದ ಒಬ್ಬ ಅಳಿಯ.

"ರೊಟ್ಟಿ ಬೇಯೋ ತನಕ."

ಕ್ವಾಶಿಬಾ ಅಜ್ಜಿ, ಯಾರೂ ಕರೆಯದಿದ್ದರೂ, ಒಳಗೆ ಬಂದು ಒಲೆ ಊದಲು ಕೂತಳು. ನಿನ್ನೆ ಹಿಂಡಿ ಒಣಗಿಸಿದ್ದ ಗೆಣಸಿನ ಹಿಟ್ಟನ್ನು ಮಿಂಬಾ ಕಾದ ಹಂಚಿನ ಮೇಲೆ ಹರಡಿ ಅಂಗೈಯಿಂದ ತಟ್ಟಿದಳು. ಅಭ್ಯಾಸಬಲದಿಂದ ಕೈ ಉಪ್ಪಿನ ಸೋರೆಬುರುಡೆಗೆ ಹೋಯಿತು. ಅಲ್ಲೇ ನಿಂತಿತು.

ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಉಪ್ಪು ತಿಂದವರ ಮೈ ಭಾರವಾಗುತ್ತದೆ, ಅವರು ಸತ್ತ ಮೇಲೆ ಕಡಲು ದಾಟಿ ಗಿನಿಗೆ ಹಾರಲಾರರು ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಒಂದು ಚಿಟಿಕೆ ಹಾಕಿದರೆ ಸಾಕು, ಅವನು ಇಲ್ಲೇ ಈ ತೊರೆಯ ಬದಿಯಲ್ಲಿ, ಅವಳ ಬಾಗಿಲ ಬಳಿ ಉಳಿದುಬಿಡುತ್ತಿದ್ದ.

"ಆಯುಷ್ಯವೆಲ್ಲ ಹಡಗಿನ ಉಪ್ಪುಮಾಂಸ ತಿಂದೋನು," ಎಂದು ಗೊಣಗಿದ ಬಾಸ್ಟಿಯನ್. "ಇವನೆಲ್ಲಿ ಹಾರ್ತಾನೆ."

"ಕೊನೇ ತುತ್ತು ಮುಖ್ಯ ಕಣೋ," ಎಂದ ಕಜೋ ಗಟ್ಟಿಯಾಗಿ, ಅವನ ಕಿವಿಯ ಬಳಿ.

ಮಿಂಬಾ ಉಪ್ಪಿನ ಬುರುಡೆಯನ್ನು ಮುಚ್ಚಿದಳು.

ಎರಡು ರೊಟ್ಟಿ ಬೆಂದವು. ಒಂದೊಂದನ್ನೂ ಬೇರೆ ಬೇರೆ ಬಾಳೆಲೆಯಲ್ಲಿ ಮಡಿಸಿ, ನಾರಿನಿಂದ ಕಟ್ಟಿ, ಪೆಟ್ಟಿಗೆಯ ಮೇಲಿಟ್ಟಳು. ಹಲಗೆಯ ಹತ್ತಿರ ಬಾಯಿ ತಂದು, ಪಕ್ಕದ ಮನೆಗೆ ಏನೋ ಕೊಟ್ಟು ಬಾ ಎಂದು ಕಳಿಸುವವರ ಧ್ವನಿಯಲ್ಲಿ ಹೇಳಿದಳು:

"ಒಂದು ನಿಂಗೆ, ದಾರೀಲಿ ತಿನ್ನು. ಇನ್ನೊಂದು ಅವ್ವನಿಗೆ. ಗಿನೀಲಿ ಸಿಕ್ರೆ ಮೊದ್ಲು ರೊಟ್ಟಿ ಕೊಡು. ಅವಳು ತಿಂದ ಮೇಲೆ ಕೈ ಎತ್ತಿದ್ದನ್ನ ನೀನೇ ಹೇಳು. ಏನಂತಾಳೋ ತಲೆ ಬಗ್ಗಿಸಿ ಕೇಳ್ಕೋ." ಎಲೆಯ ನಾರನ್ನು ಇನ್ನಷ್ಟು ಬಿಗಿದಳು. "ಜಡೆ ಹಾಕಿದ್ದನ್ನೂ ಹೇಳು. ನಂದು ಮುಗೀತು, ಅಪ್ಪ. ಹೋಗು."

ಕ್ವಾಶಿಬಾ ಅಜ್ಜಿ ಹೊಗೆಗೆ ಕಣ್ಣೊರೆಸಿಕೊಂಡಳು.

"ಹಗುರ ಆದ," ಎಂದ ಕಜೋ.

"ಏನಂತೆ?"

"ಹಗುರ ಆದ ಅಂತ."

"ಮೊದ್ಲಿಂದ ಹಗುರಾನೇ ಇದ್ದ," ಎಂದ ಬಾಸ್ಟಿಯನ್. "ಮುದುಕ ನೀನು, ನಿಂಗೆ ಭಾರ."

ಮತ್ತೆ ಬಗ್ಗಿ ಹೊರಗೆ ಬಂದು ಅವರು ತೊರೆಗಿಳಿದರು. ಡೋಲು ಶುರುವಾಯಿತು. ನೀರು ಸೊಂಟ ಮುಟ್ಟಿದಾಗ ಪೆಟ್ಟಿಗೆ ಒಂದು ಕಡೆಗೆ ವಾಲಿ, ರೊಟ್ಟಿಯ ಗಂಟುಗಳು ಜಾರತೊಡಗಿದವು. ದಡದಲ್ಲಿ ನಿಂತಿದ್ದ ಮಿಂಬಾ ಬಟ್ಟೆಯನ್ನೂ ಎತ್ತಿಕಟ್ಟದೆ ನೀರಿಗಿಳಿದಳು. ಪೆಟ್ಟಿಗೆಯ ಪಕ್ಕಕ್ಕೆ ಹೋಗಿ, ತೋಳನ್ನು ತಲೆಯ ಮೇಲಕ್ಕೆ ಚಾಚಿ, ಎರಡು ಗಂಟುಗಳನ್ನೂ ಒಂದೇ ಅಂಗೈಯಲ್ಲಿ ಒತ್ತಿ ಹಿಡಿದಳು. ಹಾಗೆಯೇ ಅವರ ಜೊತೆ ಹೆಜ್ಜೆ ಹಾಕಿದಳು. ನೀರು ತಣ್ಣಗಿತ್ತು, ಎಲೆಯೊಳಗಿನ ರೊಟ್ಟಿ ಇನ್ನೂ ಕೈ ಸುಡುವಷ್ಟು ಬಿಸಿಯಾಗಿತ್ತು.