ಕಡೀ ಸಾಲು

ವೆಂಕೋಬ ಹಂಡೆಗೆ ಇನ್ನೊಂದು ಕೊಡ ಸುರಿದ. ನೀರು ಕಂಠ ಮೀರಿ ಒಲೆಗೆ ಇಳಿಯಿತು. ಬೆಂಕಿ ಚುಂಯ್ ಎಂದು ಆರಿತು.

“ಕಣ್ಣು ಎಲ್ಲದಾವಪಾ ನಿನ್ನವು? ಕಾಲುವಿಗೆ ಅಳದು ನೀರು ಬಿಡಾಂವ ನೀನು!” ಎಂದಳು ಅವನ ಹೆಂಡತಿಯ ಅಕ್ಕ ಕಳಕಮ್ಮ. “ತಂಗಿ ಮೈ ತೊಳಿಯೋ ನೀರು. ಈ ಒಲಿ ಆರಬಾರದಿತ್ತು.”

ಪಡಸಾಲೆಯಲ್ಲಿ ಅವನ ಹೆಂಡತಿ ಹುಲಗೆಮ್ಮನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ನೆರೆಮನೆಯ ನೂರಜಾನಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮೊನ್ನೆ ಸುದ್ದಾ ಕೇಳಿದ್ಲ್ರಿ, ದವಾಖಾನಿ ಕಾಗದ ಬಂತೇನು ಅಂತ.”

“ದಿನಾ ನನ್ನ ಸೈಕಲ್ ತರುಬತಿದ್ಲು,” ಎಂದ ಅಂಚೆಯ ದ್ಯಾವಪ್ಪ. “ನಿನಗ್ಯಾರ ಬರೀತಾರಬೇ, ಮುಖ್ಯಮಂತ್ರಿ ಏನು, ಅಂತ ಕಾಡತಿದ್ದೆ. ಬೈದು ನಗತಿದ್ಲು. ನಾಕು ತಿಂಗಳು, ವೆಂಕೋಬಣ್ಣ. ನೀ ಒಪ್ಪಿಗಿ ಪತ್ರ ಹಾಕಿದ್ದಿ ಹೌದಿಲ್ಲೋ?”

“ಹಾಕೀನಿ.”

ವೆಂಕೋಬ ಒಲೆಯ ಕಡೆ ಬಾಗಿ ಊದತೊಡಗಿದ. ಒದ್ದೆ ಕಟ್ಟಿಗೆ ಬರೀ ಹೊಗೆ ಕೊಟ್ಟಿತು.

*

ನಾಲ್ಕು ತಿಂಗಳ ಹಿಂದೆ ನಗರದ ಆಸ್ಪತ್ರೆಯಲ್ಲಿ ಅವಳ ತಾಳಿ, ಮೂಗುಬೊಟ್ಟು, ಕಾಲುಂಗುರ ಬಿಚ್ಚಿಸಿ ಅವನ ಅಂಗೈಗೆ ಕೊಟ್ಟಿದ್ದರು. ದೊಡ್ಡ ಆಯಸ್ಕಾಂತದ ಯಂತ್ರ. ಮೂಗಿಗೆ ಆಮ್ಲಜನಕ ಬಿಡುತ್ತ, ಅವಳ ಕ್ಯಾನ್ಸರ್ ಗಡ್ಡೆಯೊಳಗೆ ರಕ್ತ ಎಲ್ಲಿ ಹರಿಯುತ್ತದೆ, ಉಸಿರು ಎಲ್ಲಿಗೆ ಮುಟ್ಟುತ್ತದೆ ಎಂದು ಚಿತ್ರ ತೆಗೆದರು.

ಹೊರಗೆ ಬಂದ ಹುಲಗೆಮ್ಮ ನಕ್ಕಳು. “ಒಳಗ ಹಲಗಿ ಬಡದ್ಹಂಗಾತ್ರಿ. ನನ್ನ ಹೆಣದ ಮುಂದಿನ ಹಲಗಿ ಈಗ ಕೇಳೇಬಿಟ್ನಿ!”

ವೈದ್ಯೆ ಶಿವಲೀಲಾ ಪರದೆ ತೋರಿಸಿದರು. ಗಡ್ಡೆಯ ಅಂಚು ಕೆಂಪು, ನಡುವೆ ಕಪ್ಪು. “ಇಲ್ಲಿಗೆ ರಕ್ತ ಹೋಗ್ತಿಲ್ಲ. ರಕ್ತ ಹೋಗದಲ್ಲಿ ಔಷಧಾನೂ ಹೋಗೋದಿಲ್ಲ. ಇನ್ನೊಂದು ಸಲ ನೋಡಿದ್ರೆ ಔಷಧ ಬದಲಿಸಬೇಕೋ ಏನೋ ಗೊತ್ತಾಗ್ತದೆ. ಒಪ್ಪಿಗೆ ಪತ್ರ ಮನೆಯಲ್ಲಿ ಓದಿ, ಸಹಿ ಮಾಡಿ ಕಳಿಸ್ರಿ. ಅದು ಬಂದಮೇಲೆ ಕಾಗದ ಬರೆದು ಕರೀತೀವಿ.”

ಕಾಲುವೆಯ ಕೊನೆಯ ಹೊಲ. ನೀರು ಮುಟ್ಟದ ನೆಲ. ವೆಂಕೋಬನಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಹುಲಗೆಮ್ಮ ಅಂದೇ ಸಹಿ ಮಾಡಿ ಅವನ ಕೈಗಿಟ್ಟಳು. ಲಕೋಟೆ ಅಂಟಿಸುವ ಮುಂಚೆ ಅವನು ಕೊನೆಯ ಸಾಲು ಓದಿದ: ‘ರೋಗಿಯ ಮರಣದ ನಂತರವೂ ಈ ಚಿತ್ರಗಳನ್ನು ಅಭ್ಯಾಸಕ್ಕೆ ಬಳಸಬಹುದು.’ ಆ ಮಾತಿನ ಕೆಳಗೆ ಅವಳ ಹೆಸರು. ಇದನ್ನು ಕಳಿಸಿದರೆ ತಾನೇ ಸಾವನ್ನು ಮನೆಗೆ ಕರೆದಂತೆ ಅನ್ನಿಸಿತು. ನೀರಿನ ಪಾಳಿ ಬರೆಯುವ ಪುಸ್ತಕದೊಳಗೆ ಇಟ್ಟುಬಿಟ್ಟ.

“ಪೋಸ್ಟಿಗೆ ಹಾಕಿದ್ರೇನ್ರಿ?” ಹುಲಗೆಮ್ಮ ಕೇಳಿದಳು.

“ಹಾಕೀನಿ.”

*

ಮಧ್ಯಾಹ್ನ ಹಲಗೆ ಶುರುವಾಯಿತು. ಢಗ್, ಢಗ್, ಢಗ್. ವೆಂಕೋಬನ ಬಲಗೈ ತಾಳಿ ಹಿಡಿದಂತೆ ಮುಚ್ಚಿಕೊಂಡಿತು. ಕುಣಿಯ ದಂಡೆಯಲ್ಲೂ ಬಿಚ್ಚಲಿಲ್ಲ.

“ಕೈ ಬಿಚ್ಚಣ್ಣ,” ದ್ಯಾವಪ್ಪ ಮೆಲ್ಲಗೆ ಹೇಳಿದ. “ಮಣ್ಣು ಹಾಕಬೇಕು.”

ಮಣ್ಣಾದ ಮೇಲೆ ಎಲ್ಲರೂ ಕೈಕಾಲು ತೊಳೆಯಲು ಕಾಲುವೆಗೆ ಇಳಿದರು. ವೆಂಕೋಬ ಇಳಿಯಲಿಲ್ಲ. ಮನೆಗೆ ಹೋಗಿ ಲಕೋಟೆ ಹಿಡಿದು ಬಂದ.

“ನಾ ಹಾಕಿದ್ದಿಲ್ಲ, ದ್ಯಾವಪ್ಪ.”

ದ್ಯಾವಪ್ಪ ಲಕೋಟೆಯನ್ನೇ ನೋಡಿದ. “ಈಗ್ಯಾಕಣ್ಣ?”

“ಇದರ ಕಡೀ ಸಾಲಿಗೆ ಇನ್ನೂ ವ್ಯಾಳ್ಯಾ ಮೀರಿಲ್ಲ.”

ನವಲಿ ಊರಿನ ಅಂಚೆಮನೆಯ ಕೆಂಪು ಡಬ್ಬಿಯೊಳಗೆ ಅವನು ಲಕೋಟೆ ಇಳಿಬಿಟ್ಟ. ಲಕೋಟೆಯ ಅಂಚಿಗೆ ಕುಣಿಯ ಹಸಿಮಣ್ಣು ಹತ್ತಿತ್ತು. ಆಮೇಲೆ, ತೂಬು ಎತ್ತಿ ನೀರು ಹೊರಟಿತೋ ಇಲ್ಲವೋ ಎಂದು ಆಲಿಸುವವನಂತೆ ಬಾಗಿ, ಡಬ್ಬಿಗೆ ಕಿವಿ ಹಚ್ಚಿ ನಿಂತ.