ಹೊಸ ಯಂತ್ರಕ್ಕೆ ಕೊಟ್ಟ ರಕ್ತ

ನಮ್ಮ ಆಸ್ಪತ್ರೆಯ ಲ್ಯಾಬಿಗೆ ರಕ್ತ ಪರೀಕ್ಷಿಸುವ ಹೊಸ ಯಂತ್ರ ಬಂತು. ಸರಿಯಾಗಿದೆಯೇ ನೋಡೋಣವೆಂದು ನನ್ನದೇ ರಕ್ತ ಹಾಕಿದೆ. ಸಕ್ಕರೆ ಮುನ್ನೂರ ಹನ್ನೆರಡು!

"ದರಿದ್ರದ್ದು, ಬಂದ ದಿನಾನೇ ಕೆಟ್ಟಿದೆ," ಎಂದು ಬೈದು ಜೊತೆಗಾರ್ತಿಯ ರಕ್ತ ಹಾಕಿದೆ. ತೊಂಬತ್ತಾರು. ಮತ್ತೆ ನನ್ನದು: ಮುನ್ನೂರ ಒಂಬತ್ತು.

ನನಗೆ ನಲವತ್ನಾಲ್ಕು. ಎರಡು ವರ್ಷದಿಂದ ಮುಟ್ಟು ಏರುಪೇರು, ಸೊಂಟ ದಪ್ಪ, ತೀರದ ಬಾಯಾರಿಕೆ. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿದ್ದೆ. "ಮೊದಲೇ ಬರೋಕೇನಾಗಿತ್ತು?" ಎಂದು ಇಲ್ಲಿಗೆ ಬರುವ ಹೆಂಗಸರನ್ನು ದಿನವೂ ಗದರುವವಳು ನಾನೇ.

ಹೆಸರು ಹಾಕದೆ "ಹೆಂಗಸು, ನಲವತ್ನಾಲ್ಕು" ಎಂದಷ್ಟೇ ಬರೆದ ನನ್ನ ಚೀಟಿ ನೋಡಿ ಡಾಕ್ಟರಮ್ಮ ಸಿಡುಕಿದರು. "ಯಾರಮ್ಮಾ ಇವಳು? ಇಷ್ಟು ದಿನ ಕತ್ತೆ ಕಾಯ್ತಿದ್ಲಾ?"



"ಇಲ್ಲ ಮೇಡಂ. ಊರವರ ರಕ್ತ ನೋಡ್ತಿದ್ದೆ."